ಕಾಲಿಗೆ ಲಟ್ಟಣಿಗೆ ಕಟ್ಟಿಕೊಂಡ ಭಾವ

ಕಾರು ಕೊಳ್ಳುವವರು ಬಾನೆಟ್ ಎತ್ತಿ ನೋಡುತ್ತಾರೆ, ಟೈರಿಗೆ ಒದ್ದು ನೋಡುತ್ತಾರೆ. ಕಾಲಿಗೆ ಲಟ್ಟಣಿಗೆ ಕಟ್ಟಿಕೊಂಡು ನೋಡಿದವರು ಈ ಭೂಮಂಡಲದಲ್ಲಿ ನಮ್ಮ ಭಾವ ಒಬ್ಬರೇ! ಇನ್ನೊಬ್ಬರಿದ್ದರೆ ತೋರಿಸಿ, ಅವರಿಗೂ ಅಡ್ಡಬೀಳುತ್ತೇನೆ.

ತೊಂಬತ್ತರ ದಶಕದ ಮಾತು. ಬ್ಯಾಂಕಿನ ವರ್ಗಾವಣೆಯಿಂದಾಗಿ ಅಕ್ಕ, ಭಾವ ಸೂರತ್ತಿನ ಅಡಾಜಣ್‌ನಲ್ಲಿದ್ದರು. ನಾನು ಅಲ್ಲೇ ಹತ್ತಿರದ ಹಜೀರಾದ ಕಂಪನಿ ಕಾಲೊನಿಯಲ್ಲಿ. ಅಕ್ಕನ ಜೊತೆಗಿದ್ದ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು, ಅವಳ ಬಲಮಂಡಿ ಮಡಚುವುದನ್ನೇ ಬಿಟ್ಟಿತ್ತು. ಆಟೋ ಹತ್ತಲಾರಳು, ಭಾವನ ಪುಟ್ಟ ಕಾರಿನೊಳಗೆ ತೂರಲಾರಳು. ಏಳು ತಿಂಗಳಿಂದ ಹೊಸ್ತಿಲು ದಾಟಿರಲಿಲ್ಲ. ನಮ್ಮ ಕಾಲೊನಿಯ ಕನ್ನಡದವರೆಲ್ಲ ಯುಗಾದಿಗೆ ಒಟ್ಟಿಗೆ ಉಣ್ಣುತ್ತಿದ್ದೆವು. "ಈ ಸಲ ಅತ್ತೆ ಅಲ್ಲೇ ಒಬ್ಬಟ್ಟು ತಿನ್ನಬೇಕು. ದೊಡ್ಡ ಗಾಡಿ ತಗೋತೀನಿ" ಎಂದು ಭಾವ ಘೋಷಿಸಿಬಿಟ್ಟರು.

ಜೀಪಿನಷ್ಟು ಎತ್ತರದ ಫ್ಯಾಮಿಲಿ ಗಾಡಿಗಳು ಆಗಷ್ಟೇ ರಸ್ತೆಗಿಳಿಯುತ್ತಿದ್ದವು. ಶೋರೂಮಿನ ಬಾಗಿಲಲ್ಲೇ ಭಾವ ಅಕ್ಕನ ಲಟ್ಟಣಿಗೆಯನ್ನು ತಮ್ಮ ಬಲಮಂಡಿಯ ಹಿಂದಿಟ್ಟು, ಅದು ಮಡಚದಂತೆ ಹಳೇ ಸೀರೆಯಿಂದ ಬಿಗಿದರು. ಆಮೇಲೆ ಕುಂಟುತ್ತ ಗಾಡಿ ಹತ್ತಿದರು!

"ಪಗ್‌ಮಾಂ ಶುಂ ಥಯುಂ, ಸಾಹೇಬ್?" ಕಾಲಿಗೇನಾಯ್ತೆಂದು ಸೇಲ್ಸ್‌ಮನ್ ಗಾಬರಿಯಾದ.

"ಇದು ನನ್ನ ಕಾಲಲ್ಲಪ್ಪ, ನಮ್ಮ ಅತ್ತೇದು" ಎಂದು ಭಾವ ಹಿಂದಿಯಲ್ಲಿ ಸಮಾಧಾನ ಹೇಳಿದರು. ಪಾಪ, ಅವನು ಇನ್ನಷ್ಟು ಗಾಬರಿಯಾದ.

ಮೈಲೇಜ್ ಕೇಳಿದರೇ? ಇಲ್ಲ. ಬಣ್ಣ? ಊಹೂಂ. ಸ್ಟೀರಿಂಗ್ ಮುಟ್ಟಲೂ ಇಲ್ಲ! ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ನೀರು ತುಂಬಿದ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ತರಕಾರಿ ಮಾರ್ಕೆಟ್ಟಿಗೆ ನಡಿ, ಆಮೇಲೆ ಡಾಕ್ಟರ ಹತ್ರ. ಹೈವೇಲಿ ಎತ್ತಿನಗಾಡೀನೂ ಚೆನ್ನಾಗೇ ಓಡುತ್ತೆ" ಎನ್ನುವರು. ಊರಾಚೆ ಸಚಿನ್ ಎಂಬ ಕಾರ್ಖಾನೆಗಳ ಊರಿನ ಕಡೆ ಲಾರಿಗಳು ತೋಡಿದ್ದ ಹಳ್ಳಗಳನ್ನೂ ಬಿಡಲಿಲ್ಲ. ಒಂದು ಗಾಡಿಯಿಂದ ಇಳಿದಾಗ ಪ್ಯಾಂಟಿನ ಮುಂಭಾಗವೆಲ್ಲ ಒದ್ದೆ. ಸೇಲ್ಸ್‌ಮನ್ ಮರ್ಯಾದಸ್ಥ, ಮುಖ ಆ ಕಡೆ ತಿರುಗಿಸಿಕೊಂಡ.

ಹೀಗೆ ಮೂರು ತಿಂಗಳು! ಆ ತಾಳ್ಮೆ ಕಂಡು ನಾನು ನಿಜಕ್ಕೂ ಬೆರಗಾಗಿದ್ದೆ. ಕೊನೆಗೆ ತಂಬಿಗೆಯಿಂದ ಒಂದು ಹನಿ ಚೆಲ್ಲದ ಗಾಡಿ ಸಿಕ್ಕಿತು. ಯುಗಾದಿಯ ಬೆಳಿಗ್ಗೆ ಅವರನ್ನು ಕರೆದೊಯ್ಯಲು ನಾನೂ ಬಂದಿದ್ದೆ. ಅಮ್ಮ ಹೊಸ ಸೀರೆಯುಟ್ಟು, ಹಿಂದಿನ ಉದ್ದನೆಯ ಸೀಟಿಗೆ ಸಲೀಸಾಗಿ ಹತ್ತಿದಳು. ಭಾವ ಹೆಮ್ಮೆಯಿಂದ ಸ್ಟೀರಿಂಗ್ ಹಿಡಿದರು. ಅಮ್ಮ ಇನ್ನೇನು ಕಾಲು ಚಾಚಬೇಕು, ತಟ್ಟನೆ ತಡೆದುಕೊಂಡಳು.

"ಅಳಿಯಂದಿರ ಬೆನ್ನಿಗೆ ಕಾಲು ತೋರಿಸ್ಕೊಂಡು ಕೂತ್ಕೊಳ್ಳೋದಾ? ನನ್ನ ಕೈಲಾಗಲ್ಲಪ್ಪ. ಇಳಿಸಿಬಿಡಿ."

ಎಲ್ಲವನ್ನೂ ಅಳೆದಿದ್ದ ಭಾವ ಇದೊಂದನ್ನು ಅಳೆದಿರಲಿಲ್ಲ! ಅಕ್ಕ ಹಣೆ ಚಚ್ಚಿಕೊಂಡಳು. ಅಮ್ಮನನ್ನು ಮತ್ತೆ ಒಳಗೆ ಕರೆದೊಯ್ಯಬೇಕೇನೋ ಎಂದುಕೊಂಡೆ.

ಭಾವ ಇಳಿದು ಕೀ ನನ್ನ ಕೈಗಿತ್ತರು. ಹಿಂದಿನ ಬಾಗಿಲು ತೆಗೆದು ಅಮ್ಮನ ಪಕ್ಕ ಕೂತು, ಅವಳು ಬೇಡಬೇಡವೆನ್ನುತ್ತಿದ್ದಂತೆಯೇ ಆ ಮಡಚದ ಕಾಲನ್ನು ಮೆಲ್ಲಗೆ ಎತ್ತಿ, ತಂಬಿಗೆ ಕೂರುತ್ತಿದ್ದ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಮೂರು ತಿಂಗಳಿಂದ ಈ ಕಾಲನ್ನ ನಾನೇ ಹೊತ್ಕೊಂಡು ತಿರುಗಿದೀನಿ ಅತ್ತೆ. ಇದು ನಂದೂ ಹೌದು" ಎಂದರು. ಆಮೇಲೆ ನನಗೆ, "ಹಳ್ಳ ನೋಡ್ಕೊಂಡು ಓಡ್ಸಯ್ಯ."

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ಕಣ್ಣೂ ಮಂಜಾಗಿತ್ತು. ಹಜೀರಾ ಬರುವವರೆಗೂ ಅವಳು ಕಾಲು ತೆಗೆಯಲಿಲ್ಲ.