ಉಡಿ ತುಂಬಿಸಿಕೊಂಡ ಮೇಲೆ ಕೇಳಲಾಗದ ನಾಲ್ಕು ಪ್ರಶ್ನೆಗಳು

ದೇವರು ನನಗೆ ಕೊಟ್ಟದ್ದನ್ನು ಎಣಿಸುತ್ತ ಕುಳಿತರೆ ಒಂದು ಮುಂಜಾನೆ ಸಾಲದು. ನಲ್ಲಿಗೆ ನೀರು ಬರುವ ದಿನ ಕರೆಂಟೂ ಇರುತ್ತದೆ. ಮೊಣಕಾಲು ನೋವು ಒಂದೇ ಕಾಲಿಗೆ ಇದೆ. ಲಕಮನಹಳ್ಳಿಯ ನಮ್ಮ ಬಾಡಿಗೆ ಮನೆಯ ಮಾಲಕರು ಗೋಡೆಗೆ ಮೊಳೆ ಹೊಡೆಯಗೊಡುವುದಿಲ್ಲ, ಆದರೂ ದೇವರ ಫೋಟೋಕ್ಕೆಂದು ಎರಡು ಮೊಳೆ ಮಂಜೂರು ಮಾಡಿದ್ದಾರೆ. ಇಷ್ಟೆಲ್ಲ ಕೊಟ್ಟ ದೇವರು ಒಂದು ಗುಣ ಕೊಡುವುದನ್ನು ಮಾತ್ರ ಮರೆತಿದ್ದಾನೆ. ಯಾರಾದರೂ ನನ್ನನ್ನು ಕರೆದು, ಮಣೆ ಹಾಕಿ, ಅರಿಷಿಣ ಕುಂಕುಮ ಹಚ್ಚಿದರೆಂದರೆ ಮುಗಿಯಿತು, ಆಮೇಲೆ ಅವರಿಗೆ ಒಂದು ಪ್ರಶ್ನೆ ಕೇಳುವ ಧೈರ್ಯ ನನಗೆ ಬರುವುದಿಲ್ಲ. ಈ ದೌರ್ಬಲ್ಯದಿಂದ ಒಮ್ಮೆ ನಮ್ಮ ಐವತ್ತು ಸಾವಿರ ರೂಪಾಯಿ ಧಾರವಾಡದ ಹತ್ತಿರದ ಮುಗದ ಎಂಬ ಊರಿನ ಒಂದು ಮನೆಯ ದೇವರ ಜಗಲಿ ಸೇರಿತ್ತು.

ನಮ್ಮನೆಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಸ್ವಂತ ಮನೆಯ ಹುಚ್ಚು ಹಿಡಿದಾಗಿನಿಂದ ಊಟಕ್ಕೆ ಕುಳಿತಾಗಲೂ ಫೋನಿನಲ್ಲಿ ಪ್ಲಾಟು, ಸಾಲ, ಕಂತು ಇವುಗಳದೇ ವಿಡಿಯೋ. ಒಂದು ದಿನ ನಾನು ಸುಮ್ಮನೆ ಕೇಳಿದೆ: "ಇಪ್ಪತ್ತು ವರ್ಷದ ಸಾಲ ಅಂತೀರಲ್ರೀ, ಅದು ತೀರೋವಾಗ ನಿಮಗ ಎಷ್ಟು ವಯಸ್ಸಾಗಿರತದ?" ಅವರು ಮನಸ್ಸಿನಲ್ಲೇ ಕೂಡಿಸಿದರು, ಮುಖ ಸಪ್ಪಗಾಯಿತು, ಸ್ನಾನಕ್ಕೆ ಎದ್ದು ಹೋದರು. ಸ್ನಾನ ಮುಗಿಸಿ ಬಂದು, "ಇಂಥಾ ಪ್ರಶ್ನಿ ಕೇಳೂದಲ್ಲ, ಕೇಳೋವು ನಾಲ್ಕ ಅವ," ಎಂದು ನನಗೆ ಪಾಠ ಮಾಡಿದರು. ಹೊಲದ ಉತಾರ, ಅಂದರೆ ಪಹಣಿ, ಯಾರ ಹೆಸರಿನಲ್ಲಿದೆ? ಹೊಲವನ್ನು ಮನೆ ಕಟ್ಟುವ ಜಾಗ ಎಂದು ಸರ್ಕಾರ ಒಪ್ಪಿದ ಎನ್.ಎ. ಕಾಗದ ಇದೆಯೇ? ಬ್ಯಾಂಕು ಸಾಲ ಕೊಡುತ್ತದೆಯೇ? ನಾಳೆ ಮಾರಬೇಕೆಂದರೆ ಯಾರು ಕೊಳ್ಳುತ್ತಾರೆ? ನನಗೆ ಬಾಯಿಪಾಠವೆಂದರೆ ದೇವರ ಮುಂದಿನದಷ್ಟೇ ಗೊತ್ತು. ಹೀಗಾಗಿ ಎಂಟು ದಿನ ಮುಂಜಾನೆಯ ಸ್ತೋತ್ರ ಮುಗಿದ ಕೂಡಲೇ ಅದೇ ರಾಗದಲ್ಲಿ ಈ ನಾಲ್ಕನ್ನೂ ಹೇಳಿ ಮಂಗಳಾರತಿ ಮಾಡಿದೆ. "ಉತಾರ ಯಾರ ಹೆಸರಿನಾಗ ಅದ" ಎನ್ನುವಾಗ ಕೈ ತಾನಾಗಿ ಗಂಟೆ ಬಾರಿಸುತ್ತಿತ್ತು.

ಪ್ರಶ್ನೆ ನಾನೇ ಕೇಳಬೇಕಾದ್ದಕ್ಕೆ ಕಾರಣವಿತ್ತು. ಪ್ಲಾಟು ತೋರಿಸುತ್ತೇನೆಂದವನು ಮಲ್ಲಪ್ಪ, ನಮ್ಮನೆಯವರ ಹಳೆಯ ವಿದ್ಯಾರ್ಥಿ. ಮುಗದದಲ್ಲಿ ಅವನ ತಾಯಿಯ ಹೊಲವಿದೆ, ಅದರ ಅಂಚಿನಲ್ಲಿ ಪ್ಲಾಟು ಹಾಕುವ ವಿಚಾರ ಅವನದು. "ಸರ್ ಸರ್ ಅಂತ ಕಾಲು ಮುಟ್ಟಿದ ಹುಡುಗಗ ಕಾಗದಪತ್ರ ತೋರ್ಸು ಅಂತ ಹೆಂಗನಲಿ? ನಿನ್ನ ಬಾಯಿ ಗಟ್ಟಿ ಅದ, ನೀನ ಕೇಳು," ಎಂದರು. ನನ್ನ ಬಾಯಿ ಗಟ್ಟಿ ಇರುವುದು ಅವರ ಎದುರಿಗೆ ಮಾತ್ರ ಎಂಬುದು ಇಷ್ಟು ವರ್ಷವಾದರೂ ಅವರಿಗೆ ತಿಳಿದಿಲ್ಲ. ಓಣಿಯ ಹೆಂಗಸರ ಭಿಶಿ ಚೀಟಿಯಲ್ಲಿ ತಿಂಗಳು ತಿಂಗಳು ಕಟ್ಟಿ, ಕೊನೆಗೆ ನನ್ನ ಪಾಳಿಗೆ ಬಂದ ಐವತ್ತು ಸಾವಿರವನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಹೊರಟೆ. ಕೊಡುವುದಕ್ಕಲ್ಲ. ಬೀಗ ಹಾಕಿದ ಮನೆಗಿಂತ ಬಗಲಲ್ಲಿದ್ದರೆ ಭದ್ರ ಎಂದು.

ಹೊಲ ಚೆಂದವಿತ್ತು, ಗಾಳಿ ಇನ್ನೂ ಚೆಂದವಿತ್ತು. ಅದನ್ನು ನೋಡಿಕೊಂಡು ಮನೆಗೆ ಬಂದರೆ ಮಲ್ಲಪ್ಪನ ತಾಯಿ ಗಂಗವ್ವ, "ಮಾಸ್ತರ ಮನಿಯವ್ರು ಬಂದಾರ, ಹಂಗ ಕಳಸಾಕ ಬರತೈತೇನು?" ಎಂದು ಎಣಗಾಯಿ, ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಊಟಕ್ಕೂ ಮೊದಲೇ ನನ್ನನ್ನು ಮಣೆಯ ಮೇಲೆ ಕೂಡ್ರಿಸಿ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಕ್ಕಿ ಎಲ್ಲ ಹಾಕಿ ಉಡಿ ತುಂಬಿದ್ದರು. ಉಡಿಯಲ್ಲಿ ಅವರ ಅಕ್ಕಿ, ಬಾಯಲ್ಲಿ ಅವರ ರೊಟ್ಟಿ. ಆದರೂ ದೇವರನ್ನು ನೆನೆದು ಶುರುಮಾಡಿದೆ.

"ಅಲ್ರೀ ಅವ್ವಾರ, ಒಂದು ಮಾತು..."

"ಕೇಳ್ ತಂಗಿ, ಏನ ಬೇಕ?"

"ಉಪ್ಪಿನಕಾಯಿ," ಎಂದೆ.

ಅಷ್ಟೇ ಆಗಿದ್ದರೆ ಉಳಿದುಕೊಳ್ಳುತ್ತಿದ್ದೆ. ಹೊರಡುವಾಗ, ನಮ್ಮನೆಯವರು ಮಲ್ಲಪ್ಪನೊಡನೆ ಅಂಗಳಕ್ಕಿಳಿದ ಮೇಲೆ, ಆ ತಾಯಿ ನನ್ನ ಗಲ್ಲ ಸವರಿ, "ನಮ್ಮ ಹೊಲದಾಗ ನಿನ್ನಂಥಾಕಿ ಮನಿ ಮಾಡಿದ್ರ ಅದಕ್ಕೂ ಕಳಾ ಬರತೈತಿ" ಎಂದರು. ನನಗೆ ಏನಾಯಿತೋ, ಯಾರೂ ಕೇಳದಿದ್ದರೂ ಬ್ಯಾಗು ತೆರೆದು ಐವತ್ತು ಸಾವಿರವನ್ನು ಅವರ ಕೈಯಲ್ಲಿಟ್ಟು, "ಒಳ್ಳೆ ದಿನ ಅದ, ಮುಂಗಡ ಅಂತ ಇರಲಿ," ಎಂದುಬಿಟ್ಟೆ. ಅವರು ಬೆರಗಾಗಿ ನೋಡಿದರು, ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟರು.

ಬಸ್ಸಿನಲ್ಲಿ ನಮ್ಮನೆಯವರು, "ಕೇಳಿದೇನು?" ಎಂದರು.

"ಕೇಳಿದ್ನಲ್ಲ."

"ಏನಂದ್ರು?"

"ಎರಡು ಹೋಳು ಹಾಕಿದ್ರು."

ಆಮೇಲೆ ಧಾರವಾಡದ ಬ್ಯಾಂಕಿಗೆ ಸಾಲ ಕೇಳಲು ಹೋದೆವು. ಅಲ್ಲಿಯ ಅಧಿಕಾರಿ ನೀರೂ ಕೇಳಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ. ನಾನು ಎಂಟು ದಿನ ಗಂಟೆ ಬಾರಿಸಿ ಕಲಿತದ್ದನ್ನು ಒಂದೇ ಉಸಿರಿನಲ್ಲಿ ಕೇಳಿದರು. ಎನ್.ಎ. ಇಲ್ಲವೆಂದು ಗೊತ್ತಾದ ಮೇಲೆ, "ಇದು ಇನ್ನೂ ಹೊಲ ಅದರಿ. ಹೊಲಕ್ಕ ಮನಿ ಸಾಲ ಕೊಡೂದಿಲ್ಲ. ಮುಂಗಡ ಏನರ ಕೊಟ್ಟೀರೇನು?" ಎಂದರು.

"ಕೊಟ್ಟೇವ್ರಿ," ಎಂದೆ ನಾನು.

"ರಸೀದಿ?"

ನಮ್ಮನೆಯವರು ನನ್ನ ಕಡೆ ನೋಡಿದರು. "ಉಡಿ ತುಂಬ್ಯಾರ್ರೀ," ಎಂದೆ.

ಆ ಮನುಷ್ಯ ಮೊದಲ ಬಾರಿಗೆ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಅಂದಿನಿಂದ ನನ್ನ ಪೂಜೆಯ ಧಾಟಿಯೇ ಬದಲಾಯಿತು. ಹೂ ಏರಿಸುವಾಗ ಐವತ್ತು ಸಾವಿರ, ಊದುಬತ್ತಿ ಬೆಳಗುವಾಗ ಐವತ್ತು ಸಾವಿರ. ನಮ್ಮನೆಯವರು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಕೊನೆಗೆ ರವಿವಾರ ಇಬ್ಬರೂ ಮತ್ತೆ ಮುಗದಕ್ಕೆ ಹೋದೆವು. ಈ ಸಲ ಒಳಗೆ ಕಾಲಿಡಬಾರದು, ನೀರೂ ಮುಟ್ಟಬಾರದು ಎಂದು ನಿರ್ಧರಿಸಿದ್ದೆ. "ಬಾ ತಂಗಿ, ಕುಂದರ ಬಾ, ಉಂಡು ಹೋಗಂತಿ," ಎಂದರು ಗಂಗವ್ವ. "ಇವತ್ತ ಉಪವಾಸ ರೀ," ಎಂದೆ ಹೊಸ್ತಿಲಲ್ಲೇ ನಿಂತು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದ ತಪ್ಪಿಗೆ ಅಂದು ನಿಜವಾಗಿಯೂ ಉಪವಾಸ ಮಾಡಿದೆ, ಅದು ಬೇರೆ ಮಾತು. ಕಣ್ಣು ಮುಚ್ಚಿ, "ಬ್ಯಾಂಕಿನವ್ರು ಸಾಲ ಕೊಡೂದಿಲ್ಲಂತ, ಆ ರೊಕ್ಕ..." ಎನ್ನುವಷ್ಟರಲ್ಲಿ ಅವರು ಒಳಗೆ ಹೋಗಿ, ನಾನು ಕೊಟ್ಟ ರಬ್ಬರ್ ಬ್ಯಾಂಡೂ ಬಿಚ್ಚದ ಕಟ್ಟನ್ನು ತಂದು ಕೈಯಲ್ಲಿಟ್ಟರು. ಕಟ್ಟಿಗೆ ಕುಂಕುಮ ಬೇರೆ ಹಚ್ಚಿದ್ದರು.

"ನೀ ಬಂದಿ, ಛಲೋ ಆತು ತಂಗಿ. ಇದನ್ನ ಯಾಕ ಕೊಟ್ಟೀ ಅಂತ ಆವತ್ತಿಂದ ವಿಚಾರ ಮಾಡಾಕತ್ತೇನಿ. ಹೊಲಾ ಮಾರೂದೋ ಬ್ಯಾಡೋ ಅಂತ ನಾನೂ ಮಲ್ಲ್ಯಾನೂ ಇನ್ನೂ ಜಗಳಾಡಾಕತ್ತೇವಿ."

"ಮತ್ತ ಆವತ್ತ ಯಾಕ ಹೇಳಲಿಲ್ರೀ?"

"ನನ್ನ ಕೈಯಿಂದ ಉಡಿ ತುಂಬಿಸಿಕೊಂಡಾಕಿಗೆ, ನನ್ನ ಮಗಗ ಲೆಕ್ಕಾ ಕಲಿಸಿದ ಮಾಸ್ತರಿಗೆ, ರೊಕ್ಕ ಬ್ಯಾಡ ಅಂತ ಹೆಂಗ ಹೇಳೂದವ್ವಾ? ನೀವ ಏನರ ಕೇಳ್ತೀರಿ ಅಂತ ಕಾದೆ. ನೀ ಉಪ್ಪಿನಕಾಯಿ ಕೇಳಿದಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟೇ ಸಿಕ್ಕಿತು. ಹಣ ಉಳಿಸಿದ ದೇವರಿಗೆ, ನೀರೂ ಕೇಳದ ಬ್ಯಾಂಕಿನವರಿಗೆ, ಗಂಗವ್ವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಬಗಲಲ್ಲಿ ಬ್ಯಾಗು ಭದ್ರವಾಗಿತ್ತು. ಹೊರಗೆ ಆ ಹೊಲ ದಾಟಿತು. ನೋಡುತ್ತ ನೋಡುತ್ತ ನನಗೆ ಅಲ್ಲೊಂದು ಹೊಸ ಮನೆ ಕಾಣತೊಡಗಿತು. ಮನೆಯ ಮುಂದೆ, ತುಳಸಿಕಟ್ಟೆ ಇರಬೇಕಾದ ಜಾಗದಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿದ್ದರು.

"ಎಂಥಾ ಮಂದಿ ಇದ್ದಾರ ನೋಡ್ರಿ," ಎಂದೆ.

"ಯಾರು?" ಎಂದರು ನಮ್ಮನೆಯವರು ಬೆಚ್ಚಿಬಿದ್ದು.

"ನಮ್ಮ ಪ್ಲಾಟು ತಗೊಂಡವ್ರು."

"ಯಾರು ತಗೊಂಡಾರ?"

"ಯಾರರೇ ತಗೋತಾರಲ್ಲ ಮುಂದ," ಎಂದು ಧಾರವಾಡ ಬರುವವರೆಗೂ ಅವರೊಡನೆ ಮಾತು ಬಿಟ್ಟೆ.