ಕಿರುಬೆರಳ ಕೆಂಪಿಯೂ ಕೌದಳ್ಳಿಯ ಮಾವನೂ

ಕೊಳ್ಳೇಗಾಲದಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿರುವ ಪ್ರಭುಸ್ವಾಮಿಗೆ ಜೀವಮಾನದಲ್ಲಿ ಹೊಳೆದದ್ದು ಒಂದೇ ಒಂದು ಒಳ್ಳೆಯ ಉಪಾಯ. ಅದೂ ಕುತ್ತಿಗೆಗೆ ಬಂತು.

ಅವನ ಐದು ವರ್ಷದ ಮಗಳು ದೀಪಶ್ರೀ ಅನ್ನ ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳುವ ಹುಡುಗಿ. ಹೆಂಡತಿ ರೂಪ ಬೈದು ಸೋತಳು, ತಾಯಿ ದೊಡ್ಡಬಸಮ್ಮ ಮುದ್ದು ಮಾಡಿ ಸೋತಳು. ಕೊನೆಗೆ ಪ್ರಭುಸ್ವಾಮಿಯೇ ತಟ್ಟೆ ಹಿಡಿದು ರಣರಂಗಕ್ಕಿಳಿದು ಒಂದು ಕತೆ ಕಟ್ಟಿದ. ಕತೆಯ ನಾಯಕಿ ಕೆಂಪಿ, ಇಷ್ಟೇ ಇಷ್ಟು ಹುಡುಗಿ. ಆದರೆ ಅವಳು ಕಿರುಬೆರಳು ಎತ್ತಿ ಯಾರ ಕಡೆ ತೋರಿಸಿದರೆ ಅವರು ಗಾಳಿಯಲ್ಲಿ ಹಾರಿ ದೊಪ್ಪೆಂದು ಬೀಳಬೇಕು, ಅಂಥ ಶಕ್ತಿ.

ಶಕ್ತಿ ಇದ್ದ ಮೇಲೆ ಒಬ್ಬ ದುಷ್ಟ ಬೇಡವೇ? ಪ್ರಭುಸ್ವಾಮಿ ದೂರ ಹುಡುಕಲಿಲ್ಲ. ಕೌದಳ್ಳಿಯಲ್ಲಿರುವ ಅವನ ಬಾಮೈದ ಮಲ್ಲಿಕಾರ್ಜುನಸ್ವಾಮಿ ಯಾವುದೋ ಮದುವೆಗೆಂದು ಇವನ ರೇಷ್ಮೆ ಶಲ್ಯ ಹೊದ್ದು ಹೋದವನು ಇಂದಿಗೂ ಅದನ್ನು ಹೊದ್ದೇ ಓಡಾಡುತ್ತಿದ್ದ. (ಕೊಳ್ಳೇಗಾಲದ ರೇಷ್ಮೆ! ನೇಯ್ದವನು ಎಷ್ಟು ಕಷ್ಟಪಟ್ಟನೋ, ಕಳೆದುಕೊಂಡವನು ಅದಕ್ಕಿಂತ ಹೆಚ್ಚು ಪಟ್ಟ.) ಹೀಗಾಗಿ ಕತೆಯಲ್ಲಿ ಕೆಂಪಿಯ ಸೋದರಮಾವನಿಗೆ ದಪ್ಪ ಮೀಸೆ ಬಂತು, ಹೆಗಲಿಗೆ ರೇಷ್ಮೆ ಶಲ್ಯ ಬಂತು. ಅವನು ಕೆಂಪಿಯ ಅವ್ವನನ್ನು ಮನೆಯಿಂದ ಹೊರಕ್ಕೆ ಹಾಕಿ, ಹಾಲು ಕರೆಯುವ ಎಮ್ಮೆಯನ್ನೂ ಹೊಡೆದುಕೊಂಡು ಹೋದ.

"ಆಮೇಲೆ ಕೆಂಪಿ, ಓಗ್ಲಿ ಬುಡು ಮಾವ ಅಂತ ಕ್ಷಮಿಸಿಬುಟ್ಲು," ಎಂದು ಪ್ರಭುಸ್ವಾಮಿ ಮೊದಲ ದಿನ ಧರ್ಮವಾಗಿ ಮುಗಿಸಲು ನೋಡಿದ.

ದೀಪು ಬಾಯಿ ಮುಚ್ಚಿತು. "ಊಹೂಂ. ಒಡೀಬೇಕು."

ತುತ್ತು ಒಳಗೆ ಹೋಗಬೇಕಾದರೆ ಏಟು ಬೀಳಲೇಬೇಕಾಯಿತು. ಒಂದು ತುತ್ತಿಗೆ ಮಾವ ಹುಣಸೆಮರ ಹತ್ತಿಕೊಂಡ, ಇನ್ನೊಂದಕ್ಕೆ ತಿಪ್ಪೆಗೆ ತಲೆಕೆಳಗಾಗಿ ನಾಟಿಯಾದ. ಮೊಸರನ್ನಕ್ಕೆ ಅವನ ಅರ್ಧ ಮೀಸೆ ಹಾರಿಹೋಯಿತು. ತಟ್ಟೆ ಬರಿದಾಯಿತು. ಪ್ರಭುಸ್ವಾಮಿಯ ಮನಸ್ಸೂ ಹಗುರಾಯಿತು.

ಮನೆಯಲ್ಲಿ ಮಾತ್ರ ಧರ್ಮಜಿಜ್ಞಾಸೆ ಎದ್ದಿತು.

"ಲೋ ಪ್ರಭು, ಇಷ್ಟುದ್ದ ಉಡ್ಗಿ ಕೈಲಿ ದೊಡ್ಡವರ್ನ ಒಡಿಸ್ತಿದ್ದೀಯಲ್ಲ, ನೆಟ್ಟಗದಾ ಇದು?" ಎಂದಳು ದೊಡ್ಡಬಸಮ್ಮ. "ಶಿವ ಶಕ್ತಿ ಕೊಡದು ಕಾಯಕ್ಕೆ ಕಣ್ಲಾ, ಕೆಡವಕ್ಕಲ್ಲ."

"ಅತ್ತೆ, ಅವ್ನು ಕೆಂಪಿಯವ್ವನ್ನೇ ಮನೆಯಿಂದ ಆಚ್ಗೆ ಹಾಕವ್ನೆ," ರೂಪ ಸೌಟು ಹಿಡಿದೇ ಬಂದಳು. "ಅಂಥವ್ನಿಗೆ ಏನ್ ಆರತಿ ಎತ್ತಕ್ಕಾದದಾ? ಶಕ್ತಿ ಇಟ್ಕಂಡು ಸುಮ್ಕಿದ್ರೆ ಅದು ಶಕ್ತೀನೇ ಅಲ್ಲ. ರೀ, ನಾಳೆ ಅವನ ಕಾಲ್ ಮುರೀರಿ."

"ನೀನೇ ಅಂದ್ಮೇಲೆ ಮುರಿಯಾದೆ," ಎಂದ ಪ್ರಭುಸ್ವಾಮಿ, ಬಹಳ ವಿನಯದಿಂದ. ಸ್ವಂತ ತಮ್ಮನ ಕಾಲು ಮುರಿಯಲು ಅಕ್ಕನೇ ಅಪ್ಪಣೆ ಕೊಟ್ಟ ಆ ರಾತ್ರಿ ಅವನಿಗೆ ಬಂದಂಥ ನಿದ್ದೆ ಯಾವ ಚಕ್ರವರ್ತಿಗೂ ಬಂದಿರಲಾರದು.

ಎರಡು ಸಲ ಮುಂದಕ್ಕೆ ಹೋಗಿದ್ದ ದೀಪುವಿನ ಕಿವಿ ಚುಚ್ಚುವ ಶಾಸ್ತ್ರ ಆ ಶುಕ್ರವಾರಕ್ಕೆ ನಿಗದಿಯಾಗಿತ್ತು. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮಾವ ತಂದ ಓಲೆಯೇ ಕಿವಿಗೆ ಏರಬೇಕು. ತೊಡೆ ಇಲ್ಲದೆ ಶಾಸ್ತ್ರವಿಲ್ಲ. ಈ ಸಣ್ಣ ಸಂಗತಿ ಪ್ರಭುಸ್ವಾಮಿಗೆ ನೆನಪಾದದ್ದು ಮಲ್ಲಿಕಾರ್ಜುನಸ್ವಾಮಿ ಅದೇ ಮೀಸೆ, ಅದೇ ಶಲ್ಯದ ಸಮೇತ ಹೊಸ್ತಿಲಲ್ಲಿ ನಿಂತು "ಎಲ್ಲವ್ವಾ ನನ್ ಕೂಸು?" ಎಂದು ಕೈ ಚಾಚಿದಾಗ.

ದೀಪು ನೋಡಿತು. ಮೀಸೆ ನೋಡಿತು, ಶಲ್ಯ ನೋಡಿತು. ನಿಧಾನವಾಗಿ ಕಿರುಬೆರಳು ಎತ್ತಿತು.

"ಒಂದಕ್ಕೆ ಬಂದದಾ ಕಂದ? ಬಾ, ಕರ್ಕಂಡೋಯ್ತೀನಿ," ಎಂದು ಪಾಪ, ಮಾವ ಎತ್ತಿಕೊಳ್ಳಲು ಬಂದ.

ದುಷ್ಟ ಹಾರಲಿಲ್ಲ, ಬೀಳಲಿಲ್ಲ, ಬದಲಿಗೆ ಹತ್ತಿರವೇ ಬರುತ್ತಿದ್ದಾನೆ! ದೀಪು ಕಿಟಾರನೆ ಕಿರುಚಿ ಓಡಿಹೋಗಿ ಅಕ್ಕಿಯ ಡ್ರಮ್ಮಿನ ಹಿಂದೆ ಕೂತಿತು. "ನಾ ಅವ್ನ ತೊಡೆ ಮ್ಯಾಲೆ ಕೂರಲ್ಲಾ! ಅವ್ನು ಅವ್ವನ್ನ ಆಚ್ಗೆ ತಳ್ದ! ಎಮ್ಮೆ ಒಡ್ಕಂಡೋದ!"

ಮನೆ ತುಂಬಿದ್ದ ನೆಂಟರು ಡ್ರಮ್ಮಿನ ಸುತ್ತ ನೆರೆದರು. ರೂಪ ತಮ್ಮನ ಮೀಸೆ ನೋಡಿದಳು. ಹೆಗಲ ಮೇಲಿನ ಶಲ್ಯ ನೋಡಿದಳು. ಆಮೇಲೆ ಅವಳ ಕಣ್ಣು ಗಂಡನ ಕಡೆ ತಿರುಗತೊಡಗಿತು. (ತೇರಿನ ಗಾಲಿಯಾದರೂ ಅದಕ್ಕಿಂತ ಬೇಗ ತಿರುಗುತ್ತದೆ. ಕಾಯುವವನಿಗೆ ಆಗುವ ಯಾತನೆಯನ್ನು ಬಲ್ಲವನೇ ಬಲ್ಲ.)

"ಕಾಲ್ ಮುರೀರಿ ಅಂದಿದ್ದು ನೀನೇ ಅಲ್ವಾ," ಎಂದು ಪ್ರಭುಸ್ವಾಮಿ ತೊದಲಿದ.

"ಅದು ನನ್ ತಮ್ಮನ ಕಾಲು ಅಂತ ಯೋಳಿದ್ರಾ ನೀವು?"

ಮಲ್ಲಿಕಾರ್ಜುನಸ್ವಾಮಿಯ ಮುಖ ಸಣ್ಣದಾಯಿತು. ತಂದಿದ್ದ ಓಲೆಯ ಡಬ್ಬಿಯನ್ನು ಅಕ್ಕನ ಕೈಗಿಟ್ಟ. "ಕೂಸಿಗೆ ಇಷ್ಟವಿಲ್ದೆ ನಾನ್ಯಾಕಕ್ಕ? ಓಯ್ತೀನಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. ಶಾಸ್ತ್ರದ ದಿನ ಹೊಸ್ತಿಲು ದಾಟಿ ಹೋದ ಸೋದರಮಾವ ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ. ರೂಪಳ ತವರು ಆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿತ್ತು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ಪ್ರಭುಸ್ವಾಮಿಗೆ ತನ್ನ ಉಪಾಯದ ಬೆಲೆ ಮೊದಲ ಬಾರಿ ನಿಜವಾಗಿ ತಿಳಿಯಿತು.

"ಹತ್ತೂವರೆಗೆ ರಾಹುಕಾಲ ಸಾ," ಎಂದ ಕಿವಿ ಚುಚ್ಚಲು ಬಂದಿದ್ದ ಆಚಾರಿ. "ಆಮೇಲೆ ನಾ ಯಳಂದೂರಿಗೆ ಓಗ್ಬೇಕು, ಅಲ್ಲೂ ಎರಡು ಕಿವಿ ಅವೆ."

ಪ್ರಭುಸ್ವಾಮಿ ಡ್ರಮ್ಮಿನ ಮುಂದೆ ಮಂಡಿಯೂರಿದ. "ಪುಟ್ಟಾ, ಆಮೇಲೆ ಮಾವ ಒಳ್ಳೇವ್ನಾದ, ಎಮ್ಮೆ ವಾಪಸ್ ತಂದ."

"ಸುಳ್ಳು."

"ಅದೆಲ್ಲ ಬರೀ ಕತೆ ಕಣವ್ವಾ."

"ಅಂಗಾರೆ ನಾ ಊಟ ಮಾಡಾಕಿಲ್ಲ."

ಬಾಗಿಲಲ್ಲಿ ಒಂದು ಚಪ್ಪಲಿ ಮೆಟ್ಟಿದ್ದ ಮಲ್ಲಿಕಾರ್ಜುನಸ್ವಾಮಿ ಅದನ್ನು ಕಳಚಿ ಬಂದು ಡ್ರಮ್ಮಿಗೆ ಒರಗಿ ನೆಲದ ಮೇಲೆ ಕೂತ. "ಆ ಮಾವ ಇನ್ನೇನೇನ್ ಮಾಡ್ದ ಮಗಾ? ಯೋಳು, ನಾನೂ ಕೇಳ್ತೀನಿ."

ದೀಪು ಡ್ರಮ್ಮಿನ ಹಿಂದಿನಿಂದ ಆರೋಪಪಟ್ಟಿ ಓದಿತು. ಒಂದೊಂದಕ್ಕೂ ಮಾವ ಶ್ರದ್ಧೆಯಿಂದ "ಊಂ" ಎಂದ. ಕೊನೆಗೆ ತೊಡೆ ತಟ್ಟಿ ತೀರ್ಪು ಕೊಟ್ಟ: "ಅಬ್ಬಬ್ಬಾ, ಎಂಥಾ ಕೇಡಿ! ಕೆಂಪಿ ಒಡ್ದದ್ದು ಸರಿಯಾಗೇ ಅದೆ. ನಾನಾಗಿದ್ರೆ ಇನ್ನೊಂದ್ ಕಾಲೂ ಮುರೀತಿದ್ದೆ."

ಡ್ರಮ್ಮಿನ ಪಕ್ಕದಿಂದ ಅರ್ಧ ಮುಖ ಹೊರಬಂತು. ತನ್ನ ಪಕ್ಷ ಸೇರಿದ ಆರೋಪಿಯನ್ನು ದೀಪು ಹಿಂದೆಂದೂ ಕಂಡಿರಲಿಲ್ಲ.

"ಆದ್ರೆ ಮಗಾ, ಒಡಿಯಕ್ಕೆ ಮುಂಚೆ ಇವ್ನೇನಾ ಅವ್ನು ಅಂತ ವಿಚಾರಿಸ್ಬೇಕಲ್ವಾ? ಏಟು ಸರಿಯಾಗಿದ್ದು ಆಳು ತಪ್ಪಾದ್ರೆ ಕೆಂಪಿಗೂ ಪಾಪ ತಾನೆ? ನಾನು ಅವ್ವನ್ನ ಆಚ್ಗೆ ತಳ್ಳಿದ್ನಾ, ಕೇಳು."

"ಇಲ್ಲ ಕಣವ್ವಾ," ಎಂದಳು ರೂಪ, ಕಣ್ಣೊರೆಸಿಕೊಳ್ಳುತ್ತ.

"ಎಮ್ಮೆ?"

"ನಮ್ಮನೇಲಿ ಎಮ್ಮೆನೇ ಇಲ್ವಲ್ಲೇ ಕೂಸು," ಎಂದಳು ಅಜ್ಜಿ.

ದೀಪು ಯೋಚಿಸಿತು. ಎಮ್ಮೆಯೇ ಇಲ್ಲದ ಮನೆಯಲ್ಲಿ ಎಮ್ಮೆ ಕಳುವಾಗಿದೆ. "ಮತ್ತೆ ಮಾವ ಕೆಟ್ಟೋನು ಅಂತ ಸುಳ್ ಯೋಳ್ದೋರ್ಯಾರು?"

ನೆಂಟರ ಕತ್ತುಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದವು.

ದೀಪು ಎದ್ದು ನಡುಮನೆಗೆ ಬಂತು. ಕಿರುಬೆರಳು ಎದ್ದಿತು.

ಪ್ರಭುಸ್ವಾಮಿ ದಯೆಗಾಗಿ ಸುತ್ತ ನೋಡಿದ. ಶಕ್ತಿ ಇರುವುದು ಕಾಯುವುದಕ್ಕೆ ಎಂದಿದ್ದ ಅಹಿಂಸಾಮೂರ್ತಿ ಒಬ್ಬಳಿದ್ದಳಲ್ಲ! "ಅವ್ವಾ, ದೊಡ್ಡವರ್ನ ಒಡೀಬಾರ್ದು ಅಂತ ಮಗೀಗೆ ಯೋಳವ್ವಾ."

ದೊಡ್ಡಬಸಮ್ಮ ಗಡಿಯಾರ ನೋಡಿದಳು. "ಅದೆಲ್ಲ ನಾಳೆ ಯೋಳ್ತೀನಿ. ಈಗ ಬೀಳ್ಲಾ."

"ಬೀಳ್ರೀ!" ಎಂದಳು ರೂಪ.

"ಟೈಮಾಯ್ತು ಸಾ," ಎಂದ ಆಚಾರಿ.

ಪ್ರಭುಸ್ವಾಮಿ ಬಿದ್ದ. ಮೆಲ್ಲಗೆ ಕುಸಿಯೋಣವೆಂದು ಲೆಕ್ಕ ಹಾಕಿದ್ದವನ ಕಾಲಿಗೆ ಹೊಸ ಪಂಚೆ ತೊಡರಿ, ಎಣಿಸಿದ್ದಕ್ಕಿಂತ ಬಹಳ ಪ್ರಾಮಾಣಿಕವಾಗಿ, ಅಡಿಗೆಯವರು ತಂದಿಟ್ಟಿದ್ದ ಕೋಸಂಬರಿಯ ಬೇಸನ್ನಿನೊಳಕ್ಕೆ ಬಿದ್ದ. ಸೊಂಟದಲ್ಲಿ ಲಟಕ್ಕೆಂದು ಏನೋ ಮಾತಾಡಿತು.

ದೀಪು ತನ್ನ ಬೆರಳನ್ನು ಒಮ್ಮೆ ಗೌರವದಿಂದ ನೋಡಿಕೊಂಡು, ಹೋಗಿ ಕೌದಳ್ಳಿಯ ಮಾವನ ತೊಡೆಯ ಮೇಲೆ ಪಟ್ಟದ ರಾಣಿಯಂತೆ ಕೂತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆಚಾರಿ ಮಾವ ತಂದ ಓಲೆಯ ಚಿನ್ನದ ತಂತಿಯನ್ನು ಒಂದು ಕಿವಿಗೆ ಏರಿಸಿದ. ಕಿಟಾರನೆ ಚೀರಿದ ದೀಪು ಮಾವನ ತೊಡೆಯಿಂದ ಜಾರುತ್ತ, ಕಿರುಬೆರಳೆತ್ತಿ ಅತ್ತಿತ್ತ ಅಪರಾಧಿಯನ್ನು ಹುಡುಕತೊಡಗಿತು. ಆಚಾರಿ ಎರಡನೆಯ ತಂತಿ ಕೈಗೆತ್ತಿಕೊಂಡ.

ಕೋಸಂಬರಿಯ ನಡುವೆ ಮಲಗಿ "ಅವ್ವಾ, ಸ್ವಲ್ಪ ಎಣ್ಣೆ ಕಾಯಿಸು," ಎಂದು ನರಳುತ್ತಿದ್ದ ಮಗನ ರಟ್ಟೆಗೆ ದೊಡ್ಡಬಸಮ್ಮ ಕೈ ಹಾಕಿ ಎತ್ತಿದಳು.

"ಬೇಗ ಎದ್ದು ನಿಂತ್ಕಳ್ಲಾ ಮಗನೇ. ಇನ್ನೊಂದ್ ಕಿವಿ ಅದೆ."