ಅಪ್ಪನ ಸೀಟು

“ಅದೆಲ್ಲಾ ಖರೆ ಕಲ್ಯಾಣಪ್ಪಣ್ಣ, ಮುಂದ ನೀವಿಬ್ಬರೂ ಹ್ವಾದ ಮ್ಯಾಲ ಈ ಹುಡುಗನ್ನ ಯಾರು ನೋಡ್ಕೋತಾರ? ಅದರ ಫಿಕರ್ ಮಾಡೀರೇನು?”

ಎದುರು ಮನೆಯ ಚಾಂದಬೀ ಇದನ್ನು ಕೇಳಿದ್ದು ಚಿತ್ತಾಪುರದ ಆ ಓಣಿಯ ನಳದ ಹತ್ತಿರ, ನಾಲ್ಕು ಮಂದಿ ಕೇಳುವಂತೆ. ಕಲ್ಯಾಣಪ್ಪ ತುಂಬಿದ ಕೊಡ ಹಿಡಿದುಕೊಂಡೇ ನಿಂತುಬಿಟ್ಟ. ಮಗ ಸಂಗಮೇಶ್ವರನಿಗೆ ಈಗ ಇಪ್ಪತ್ತಾರು ವರ್ಷ. ಇವನ ಬುದ್ಧಿ ನಿಧಾನಕ್ಕೆ ಬೆಳೆಯುತ್ತದೆ ಎಂದು ಡಾಕ್ಟರು ಅವನು ಕೂಸಿದ್ದಾಗಲೇ ಹೇಳಿದ್ದರು. ಅಂದಿನಿಂದ ಈ ಪ್ರಶ್ನೆಯನ್ನು ಕಲ್ಯಾಣಪ್ಪ ಮದುವೆ ಮನೆಗಳಲ್ಲಿ ಕೇಳಿಸಿಕೊಂಡಿದ್ದ, ಕಿರಾಣಿ ಅಂಗಡಿಯಲ್ಲಿ ಕೇಳಿಸಿಕೊಂಡಿದ್ದ, ಒಮ್ಮೆ ಹಲ್ಲು ಕೀಳಿಸಿಕೊಂಡು ಬಾಯಿ ತುಂಬ ಹತ್ತಿ ಇದ್ದಾಗಲೂ ಕೇಳಿಸಿಕೊಂಡಿದ್ದ. ಇವತ್ತು ಮಾತ್ರ ತಡೆದುಕೊಳ್ಳಲಾಗಲಿಲ್ಲ.

“ಯಾರೂ ನೋಡ್ಕೊಳ್ಳೋದು ಬ್ಯಾಡ! ನನ್ನ ಮಗ ಇವತ್ತ ಒಬ್ಬನೇ ಬಸ್ ಹತ್ತಿ ದಂಡೋತಿಗಿ ಅಕ್ಕನ ಮನಿಗಿ ಹೋಗ್ತಾನ. ನೋಡ್ಕೋತ ನಿಂದ್ರು.”

ತಾನು ಏನು ಹೇಳಿಬಿಟ್ಟೆನೆಂದು ಅವನಿಗೆ ಹೊಳೆದದ್ದು ಹೇಳಿದ ಮೇಲೆ. ಆದರೆ ನಳದ ಹತ್ತಿರ ಆಡಿದ ಮಾತು ಕೊಡ ತುಂಬುವುದರೊಳಗೆ ಓಣಿಯ ಆ ತುದಿ ಮುಟ್ಟಿರುತ್ತದೆ. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಹೆಂಡತಿ ಸೂಗಮ್ಮ ಮಾತ್ರ ಗಾಬರಿಯಾಗಲಿಲ್ಲ. ಮಗಳಿಗೆಂದು ಶೇಂಗಾ ಹೋಳಿಗೆ ಕಟ್ಟುತ್ತ, “ಹೋಗ್ಲಿ ಬಿಡ್ರಿ. ಅವ್ನಿಗಿ ಕಂಡಕ್ಟರಗಿಂತ ಛಲೋ ದಾರಿ ಗೊತ್ತದ. ನೀವು ಬಸ್ಸಿನ್ಯಾಗ ಕೂಡ್ಸಿ, ಸುಮ್ಮಕ ಅಂಗಡಿಗಿ ಹೋಗ್ರಿ,” ಅಂದಳು.

ಅದು ನಿಜವೇ. ದಾರಿಯ ವಿಷಯದಲ್ಲಿ ಸಂಗುವಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮಂದಿಯ ಮಾತಿನಲ್ಲಿ. ಯಾರು ಏನು ಅಂದರೋ ಅದನ್ನು ಅವನು ಅಂದ ಹಾಗೇ ತೆಗೆದುಕೊಳ್ಳುತ್ತಿದ್ದ. ಹಿಂದೊಮ್ಮೆ ವಾಡಿಯ ನೆಂಟರು “ಇದೂ ನಿಮ್ಮ ಮನೀನೇ ಅಂತ ತಿಳೀರಿ” ಅಂದದ್ದಕ್ಕೆ, ಸೀದಾ ಒಳಗೆ ಹೋಗಿ ಅವರ ಯಜಮಾನರ ಮಂಚದ ಮೇಲೆ ಚಾದರ ಹೊದ್ದು ಮಲಗಿದ್ದ.

ಬಸ್ ನಿಲ್ದಾಣದಲ್ಲಿ ದಂಡೋತಿಯ ಮೇಲೆ ಹೋಗುವ ಕಾಳಗಿ ಬಸ್ಸು ನಿಂತಿತ್ತು. ಕಲ್ಯಾಣಪ್ಪ ಮಗನನ್ನು ಕಿಟಕಿಯ ಪಕ್ಕ ಕೂಡಿಸಿ, ಹೇಳಬೇಕಾದದ್ದನ್ನೆಲ್ಲ ಹೇಳಿ, ಬಸ್ಸಿಳಿಯುವಾಗ ರೂಢಿಯ ಮಾತು ಆಡಿದ: “ಆತಪ್ಪಾ ಸಂಗು, ಬರ್ತೀನಿ.”

ಮತ್ತೇನು ಅಂದಾನು? ನಮ್ಮ ಕಡೆ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ, ಅಪಶಕುನ. ಊರು ಬಿಟ್ಟೇ ಹೋಗುವವರೂ ‘ಬರ್ತೀನಿ’ ಎಂದೇ ಹೋಗುತ್ತಾರೆ. ಸಂಗು ಗಂಭೀರವಾಗಿ “ಹ್ಞೂಂ” ಅಂದ. ಹೋಳಿಗೆಯ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟು ಕೂತ.

ಕಲ್ಯಾಣಪ್ಪ ಅಂಗಡಿಗೆ ಹೋಗಲಿಲ್ಲ. ಕಾಲು ಹೋಗಗೊಡಲಿಲ್ಲ. ಬಸ್ಸಿನ ಹಿಂದೆ ನಿಂತು ಚಸ್ಮಾ ಕಿಸೆಗೆ ಹಾಕಿಕೊಂಡ, ಟವೆಲನ್ನು ತಲೆಯಿಂದ ಗದ್ದದವರೆಗೆ ಸುತ್ತಿಕೊಂಡ, ಹತ್ತುವವರ ಗದ್ದಲದಲ್ಲಿ ತೂರಿ ಹಿಂದೆ ಹೋಗಿ ನಿಂತ. ಸಂಗು ಕಿಟಕಿಯಿಂದ ಹೊರಗೆ ಕತ್ತು ಚಾಚಿ ಯಾರನ್ನೋ ಹುಡುಕುತ್ತಿದ್ದ.

ಬಸ್ಸು ಹೊರಟಾಗ ಒಳಗೆ ಕಾಲೂರಲು ಜಾಗವಿರಲಿಲ್ಲ. ಮೊಣಕಾಲು ಹಿಡಿದುಕೊಂಡಿದ್ದ ಭೀಮಶ್ಯಾ ಎಂಬ ಮುದುಕ ಆ ಚೀಲವನ್ನು ನೋಡಿದ.

“ಏ ತಮ್ಮಾ, ಚೀಲ ತೆಗಿ. ಕುಂದುರ್ತೀನಿ.”

“ಇದು ನಮ್ಮಪ್ಪನ ಸೀಟ್ ಅದ.”

“ಎಲ್ಲಿ ಅದಾನ ನಿಮ್ಮಪ್ಪ?”

“ಬರ್ತೀನಿ ಅಂದಾನ.”

ಹಿಂದೆ ನಿಂತಿದ್ದ ಕಲ್ಯಾಣಪ್ಪ ಟವೆಲನ್ನು ಇನ್ನಷ್ಟು ಬಿಗಿದುಕೊಂಡ.

ಭೀಮಶ್ಯಾನ ದನಿ ಏರಿತು. ಸಂಗುವಿನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕಂಡಕ್ಟರು ಜನರ ನಡುವೆ ಈಜಿಕೊಂಡು ಬಂದ.

“ಊರು ದಾಟಿ ಎಷ್ಟೊತ್ತಾತು! ನಿಮ್ಮಪ್ಪ ಈಗ ಹಾರಿ ಬರ್ತಾನೇನು? ಅಲ್ಲೇ ಹೋಟೆಲ್ದಾಗ ಚಾ ಕುಡೀಲಿಕತ್ತಿರ್ತಾನ.”

ಸಂಗು ಇದನ್ನು ಯೋಚಿಸಿದ. ಸರಿ ಅನ್ನಿಸಿತು. ಎದ್ದು ನಿಂತ.

“ಹಂಗಾದ್ರ ಬಸ್ ನಿಂದ್ರಸ್ರಿ. ಅಪ್ಪ ಹಿಂದ ಉಳದಾನ. ನಾ ಹೋಗಿ ಕರಕೊಂಡು ಬರ್ತೀನಿ.”

ಎರಡೂ ಕಡೆ ತೊಗರಿ ಹೊಲ, ಒಂದು ಮನೆಯಿಲ್ಲ. ಕಲ್ಯಾಣಪ್ಪನ ಪಕ್ಕದಲ್ಲಿ ನಿಂತವನು ಮೊಣಕೈಯಿಂದ ತಿವಿದು ಹೇಳಿದ: “ಎಂಥಾ ಅಪ್ಪ ಇರಬೇಕು ನೋಡ್ರಿ ಕಾಕಾ! ಇಂಥಾ ಹುಡುಗನ್ನ ಒಬ್ಬನ್ನೇ ಬಿಟ್ಟಾನ. ಸಿಕ್ಕರ ಕಪಾಳಕ್ಕ ಎರಡು ಬಿಡ್ಬೇಕು.”

“ಹೌದ್ರಿ, ಬಿಡ್ಬೇಕು,” ಅಂದ ಕಲ್ಯಾಣಪ್ಪ ಟವೆಲಿನೊಳಗಿಂದ.

ಕಂಡಕ್ಟರು ಸೀಟಿ ಊದಿದ. ಬಸ್ಸು ನಿಧಾನವಾಯಿತು. ಇನ್ನು ಉಳಿಗಾಲವಿಲ್ಲವೆಂದು ಕಲ್ಯಾಣಪ್ಪ ಟವೆಲು ಬಿಚ್ಚಿದ.

“ಸಂಗೂ! ಇಳೀಬ್ಯಾಡಪ್ಪಾ. ಇಲ್ಲೇ ಅದೀನಿ.”

ಇಡೀ ಬಸ್ಸು ತಿರುಗಿತು. ತಿರುಗಿ ನೋಡಿದ ಸಂಗುವಿನ ಮುಖದಲ್ಲಿ ಮಾತ್ರ ಯಾವ ಆಶ್ಚರ್ಯವೂ ಇರಲಿಲ್ಲ. ಚೀಲವನ್ನು ಎತ್ತಿಕೊಂಡು, ಕಿಟಕಿಯ ಕಡೆಗೆ ದಾರಿ ಬಿಟ್ಟು, “ಯಾಕ ನಿಂತಿ? ಕುಂದುರು,” ಅಂದ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಬುರ್ಖಾದೊಳಗಿನ ನಗೆಯೊಂದು ಕೇಳಿತು. ಓಣಿಯಲ್ಲಿ ಅಂಥ ನಗೆ ಒಂದೇ ಇರುವುದು.

“ಚಾಂದಬೀ! ನೀ ಯಾಕ ಬಂದಿ?”

“ಮತ್ತೇನು ಮಾಡ್ಲಿ ಅಣ್ಣಾ? ನಾ ಮಾತಿಗಿ ಕೇಳಿದ್ನಿ, ನೀವು ಖರೇನೇ ಕಳಸಿಬಿಟ್ರಿ! ಜೀವ ತಡೀಲಿಲ್ಲ. ಹ್ಯಾಂಗೂ ಹೆಂಗಸರಿಗಿ ಬಸ್ ಫ್ರೀ ಅದ, ಹಿಂದೇ ಹತ್ತಿ ಬಂದ್ನಿ.”

ಅಲ್ಲಿಗೆ ಬಸ್ಸು ಪಂಚಾಯ್ತಿ ಕಟ್ಟೆಯಾಯಿತು. ಮಗನನ್ನು ಬೆಳೆಸುವುದು ಹೇಗೆಂದು ಎಲ್ಲರಿಗೂ ಗೊತ್ತಿತ್ತು. ಇಂಥವರನ್ನು ಅಂಗೈಯಾಗ ಇಟ್ಟುಕೊಳ್ಳಬೇಕು ಅಂದಳು ಒಬ್ಬಾಕೆ. ಬಿಡಬೇಕು, ಬಿಟ್ಟರೇ ಕಲಿಯುತ್ತಾರೆ ಅಂದ ಕಪಾಳದವನು, ಈಗ ಪಕ್ಷ ಬದಲಿಸಿ. ಭೀಮಶ್ಯಾ ತನ್ನ ಮೊಣಕಾಲಿನ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಎಲ್ಲರಿಗೂ ಒಟ್ಟಿಗೇ ಉತ್ತರ ಕೊಡಲು ಕಲ್ಯಾಣಪ್ಪ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತ.

“ಅಪ್ಪಾ, ದಂಡೋತಿ ಬಂತು,” ಅಂದ ಸಂಗು, ತೋಳು ಜಗ್ಗಿ.

“ತಡಿಯಪ್ಪಾ, ದೊಡ್ಡವರು ಮಾತಾಡಲಿಕತ್ತಾರ.”

“ಅಪ್ಪಾ, ಇಳೀಬೇಕು.”

“ಏ, ಒಂದು ನಿಮಿಷ ಸುಮ್ನ ಕುಂದುರು! ನೋಡ್ರಿ ಭೀಮಶ್ಯಾ ಕಾಕಾ, ನನ್ನ ಮಗ ಅಂದ್ರ ಏನಂತ ತಿಳದೀರಿ?” ಎಂದು ಸಂಗುವಿನ ಜಾಣತನದ ನಾಲ್ಕು ಕತೆ ಹೇಳಿ ಮುಗಿಸಿದ. “ ಎಲ್ಲಿ ಇಳೀಬೇಕಂತ ಅವ್ನಿಗಿ ಯಾರೂ ಹೇಳೋದೇ ಬ್ಯಾಡ. ಬೇಕಾದ್ರ ನೀವೇ ನೋಡ್ರಿ...” ಎಂದು ಅಭಿಮಾನದಿಂದ ಪಕ್ಕಕ್ಕೆ ಕೈ ತೋರಿಸಿದ.

ಪಕ್ಕದ ಸೀಟು ಖಾಲಿ ಇತ್ತು. ದಂಡೋತಿ ಯಾವಾಗಲೋ ಹಿಂದೆ ಉಳಿದಿತ್ತು.

ಭೀಮಶ್ಯಾ ಆ ಖಾಲಿ ಜಾಗದಲ್ಲಿ ಕೂತ.

ಕಂಡಕ್ಟರು ಕಲ್ಯಾಣಪ್ಪನನ್ನೂ ಚಾಂದಬೀಯನ್ನೂ ಮುಂದಿನ ಕ್ರಾಸಿನಲ್ಲಿ ಇಳಿಸಿದ. ನೆತ್ತಿ ಸುಡುವ ಬಿಸಿಲು. ಅಲ್ಲಿದ್ದ ಒಂದೇ ಜಾಲಿ ಗಿಡದ ನೆರಳನ್ನು ಚಾಂದಬೀ ಹಿಡಿದಳು. ಕಲ್ಯಾಣಪ್ಪ ಮಗಳಿಗೆ ಫೋನ್ ಹಚ್ಚಿದ.

“ದಾನೇಶ್ವರೀ, ಸಂಗು...”

“ಸಂಗು ಬಂದಾನಪ್ಪಾ. ಕೈಕಾಲು ತೊಳಕೊಂಡು ಉಣ್ಣಾಕತ್ತಾನ. ನೀವು ಬಸ್ಸಿನ್ಯಾಗೇ ಉಳದೀರಂತ, ಈಗ ಎಲ್ಲಿ ಅದೀರಿ?”

ಕಲ್ಯಾಣಪ್ಪ ಉಸಿರು ಬಿಟ್ಟ. ಮೊದಲು ಸಮಾಧಾನ, ಅದರ ಹಿಂದೆಯೇ ಹೆಮ್ಮೆ, ಅದರ ಹಿಂದೆ ಅಂಗಾಲಿನ ಉರಿ. “ಮುಂದಿನ ಕ್ರಾಸಿಗಿ ಅದೀವಿ ತಾಯಿ. ಅಳಿಯಂದಿರಿಗಿ ಗಾಡಿ ತಗೊಂಡು ಬರ್ರಿ ಅನ್ನು, ಲಗೂನ.”

“ಅವ್ರು ಹೊಂಟೇ ನಿಂತಾರಪ್ಪಾ. ಸಂಗು ಗಾಡಿ ಚಾವಿ ಕೊಡವಲ್ಲ.”

“ಯಾಕಂತ?”

ಆ ಕಡೆ ಮಗಳು ನಗು ತಡೆದುಕೊಂಡದ್ದು ಕೇಳಿಸಿತು. “‘ಯಾರೂ ಕರ್ಯಾಕ ಹೋಗಬ್ಯಾಡ್ರಿ. ಅಪ್ಪ ಒಬ್ಬನೇ ಬರ್ಲಿ, ಕಲೀತಾನ’ ಅಂತ ಹೇಳಲಿಕತ್ತಾನ.”

ದಂಡೋತಿಯ ಕಡೆಗೆ ಹೋಗುವ ಟ್ರ್ಯಾಕ್ಟರೊಂದು ಧೂಳೆಬ್ಬಿಸುತ್ತ ಬಂತು. ಕಲ್ಯಾಣಪ್ಪ ರಸ್ತೆಯ ನಡುವಿಗೆ ಓಡಿ ಎರಡೂ ಕೈ ಎತ್ತಿದ. ಡ್ರೈವರು ಯಾರೋ ಪರಿಚಯದ ಹಿರಿಯರು ಕೈ ಮುಗಿಯುತ್ತಿದ್ದಾರೆಂದು ತಿಳಿದು, ತಾನೂ ಒಂದು ಕೈ ಹಣೆಗೆ ಹಚ್ಚಿ, ಪಕ್ಕಕ್ಕೆ ತಿರುಗಿಸಿಕೊಂಡು ಮುಂದೆ ಹೋದ.